ಎರಡನೇ ನಡೆಯ ಸೋಲು

ಎಲ್ಲಕ್ಕೂ ಮೂಲ ಆ ಹಾಳು ಕೆಮ್ಮು. ಹಾಸಿಗೆ ಕಂಪನಿಯ ನೆಲಮಾಳಿಗೆಯಲ್ಲಿ ಹತ್ತಿಯ ಧೂಳು ನುಂಗುತ್ತ ವರ್ಷಗಟ್ಟಲೆ ಸವೆದಿದ್ದ ಅವನನ್ನು ಆಫೀಸಿನವರು ಕರೆಯುತ್ತಿದ್ದುದೇ ‘ಗೋಡೌನು’ ಎಂದು. “ನಿಮಗೆ ಬೇಕಿರೋದು ಔಷಧಿ ಅಲ್ಲ, ಕಿಟಕಿ,” ಎಂದು ಡಾಕ್ಟರೇ ಹೇಳಿಬಿಟ್ಟಿದ್ದರು. ಮಹಡಿಯ ಮೇಲೆ ಕಿಟಕಿ ಪಕ್ಕ ಒಂದು ಮೇಜು ಖಾಲಿ ಇತ್ತು. ಅದನ್ನು ಕೊಡಬೇಕಾದವರು ಮ್ಯಾನೇಜರು. ಇವತ್ತಿನ ಚೆಸ್ ಫೈನಲ್ಲಿನಲ್ಲಿ ಅವನ ಎದುರಾಳಿಯೂ ಅವರೇ.

ಆಟದಲ್ಲಿ ಗೋಡೌನು ಹುಲಿ. ಸೆಮಿಫೈನಲ್ಲಿನಲ್ಲಿ ಹೆಡ್ ಕ್ಲರ್ಕನಿಗೇ ಮಣ್ಣು ಮುಕ್ಕಿಸಿದ್ದ. ಅದೇ ಹೆಡ್ ಕ್ಲರ್ಕ್ ಬೆಳಿಗ್ಗೆ ಮೆಟ್ಟಿಲಿಳಿದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

“ಗೆದ್ದು ಏನ್ ಮಾಡ್ತೀಯಪ್ಪ, ಟ್ರೋಫಿಯಿಂದ ಗಾಳಿ ಬರುತ್ತಾ? ಶುರುವಿನಲ್ಲೇ ಸೋತುಬಿಡು, ಸಾಹೇಬರು ಜನ್ಮದಲ್ಲಿ ಮರೆಯಲ್ಲ. ರಾಜನ ಬಲಗಡೆ ಎರಡು ಪೇದೆ ಮುಂದಕ್ಕೆ ತಳ್ಳು. ಬಾಗಿಲು ತೆಗೆದಿಟ್ಟ ಹಾಗೆ.”

ಮಧ್ಯಾಹ್ನ ಮಹಡಿಯವರೆಲ್ಲ ಮೇಜಿನ ಸುತ್ತ ನೆರೆದರು. ಗೋಡೌನು ಮೊದಲ ಪೇದೆ ತಳ್ಳಿದ. ಮ್ಯಾನೇಜರು ತಮ್ಮ ರಾಜನ ಮುಂದಿನ ಪೇದೆ ನಡೆಸಿದರು. ಅವನು ಎರಡನೆಯದನ್ನೂ ತಳ್ಳಿದ. ಇನ್ನು ಅವರ ರಾಣಿ ಓರೆಯಾಗಿ ಬಂದು ನಿಂತರೆ ಆಟ ಮುಗಿಯಿತು. ಆದರೆ ಪುಣ್ಯಾತ್ಮರ ಕಣ್ಣಿಗೆ ಅದು ಬೀಳಬೇಕಲ್ಲ. ಅವರ ಕೈ ಕುದುರೆಯತ್ತ ಹೊರಟಿತು. ಮುಟ್ಟಿದ ಕಾಯಿ ನಡೆಸಲೇಬೇಕೆಂಬುದು ಪಂದ್ಯದ ನಿಯಮ. ಗೋಡೌನಿಗೆ ಕೆಮ್ಮು ಒತ್ತರಿಸಿ ಬಂತು. ಮ್ಯಾನೇಜರು ಬೆಚ್ಚಿ ಕೈ ಹಿಂದೆ ಎಳೆದುಕೊಂಡರು.

“ನೀರು ಕುಡಿಯಪ್ಪ.”

“ನೀವು ನಿಧಾನವಾಗಿ ನೋಡಿ ಸಾರ್,” ಎಂದ, ಕೆಮ್ಮುತ್ತಲೇ.

ನೋಡಿದರು. ರಾಣಿ ಬಂದಳು. ಎಲ್ಲರೂ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಅವನ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ಹೋದರೆ ಹೋಯಿತು, ಕಿಟಕಿ ಸಿಕ್ಕಿತಲ್ಲ.

“ಸಾರ್, ಆ ಕಿಟಕಿ ಪಕ್ಕದ ಮೇಜು...”

“ಅದನ್ನ ಇನ್ನು ಇವರನ್ನೇ ಕೇಳ್ಬೇಕು,” ಎಂದು ಮ್ಯಾನೇಜರು ಹೆಡ್ ಕ್ಲರ್ಕನ ಬೆನ್ನು ತಟ್ಟಿದರು. “ಈ ಪಂದ್ಯ ಗೆದ್ದವರಿಗೆ ಹೆಡ್ ಆಫೀಸಿಗೆ ವರ್ಗ ಅಲ್ವಾ. ನಾಳೆಯಿಂದ ನನ್ನ ಕುರ್ಚಿ ಇವರದ್ದು.”

ಮಹಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸುದ್ದಿ. ನೆಲಮಾಳಿಗೆಗೆ ಯಾರೂ ಇಳಿಸಿರಲಿಲ್ಲ.

“ನೀವು ಹೇಳಿದ ಹಾಗೇ ಸೋತೆನಲ್ಲ ಸಾರ್,” ಎಂದ ಗೋಡೌನು, ಹೆಡ್ ಕ್ಲರ್ಕನ ಮುಖ ನೋಡುತ್ತ.

“ಸೋತೆ, ಸರಿ. ಆದ್ರೆ ಎರಡೇ ನಡೇಲಿ ಸೋಲೋನನ್ನ ಮೇಲೆ ತಂದು ಕೂರಿಸಿದ್ರೆ ನಾಲ್ಕು ಜನ ನನ್ನ ಏನಂತಾರೆ ಹೇಳು? ಅದೂ ಅಲ್ದೆ ನಿನ್ನ ಆ ಕೆಮ್ಮು ಬೇರೆ. ಕೆಳಗಿದ್ರೆ ಯಾರಿಗೂ ಕೇಳಿಸಲ್ಲ.”