‘ನಾನೇ’ ಎಂಬ ಪದದಿಂದ ಉಂಟಾದ ರಕ್ಷಣಾ ಲೋಪದ ಕುರಿತು

ಇಂದ,
ಬಾಲಕೃಷ್ಣ, ವಯಸ್ಸು ಐವತ್ತೊಂದು,
ಮಾತ್ರೆ ಕಾರ್ಖಾನೆಯೊಂದರ ಉತ್ಪಾದನಾ ವ್ಯವಸ್ಥಾಪಕ ಹಾಗೂ ರಕ್ಷಣಾ ವಿಭಾಗದ ನಾಯಕ,
ಸೌತ್ ಸಿ ಕನ್ನಡಿಗರ ಫ್ಲ್ಯಾಗ್ ಫುಟ್‌ಬಾಲ್ ತಂಡ, ನೈರೋಬಿ.

ಗೆ,
ಶ್ರೀಮತಿ ರುಕ್ಮಿಣಿ ಬಾಲಕೃಷ್ಣ,
ಗೌರವ ಕಾರ್ಯದರ್ಶಿ, ಕ್ರೀಡಾ ಉಪಸಮಿತಿ.
ಹಾಲಿ ವಾಸ: ಅರ್ಜಿದಾರನ ಮನೆಯಲ್ಲೇ.

ವಿಷಯ: ಭಾನುವಾರದ ಫೈನಲ್ ಪಂದ್ಯದಲ್ಲಿ ನ್ಗಾರಾ ತಂಡದ ಹಿರಿಯ ಕ್ವಾರ್ಟರ್‌ಬ್ಯಾಕ್ ಶ್ರೀ ಹೃಷಿಕೇಶ್ ಅವರನ್ನು ತಡೆಯುವ ಪರಿಷ್ಕೃತ ಯೋಜನೆಗೆ ಮಂಜೂರಾತಿ ಕೋರಿ.

ಉಲ್ಲೇಖ:
1. ಮಂಗಳವಾರ ಸಾರಿಗೆ ಒಗ್ಗರಣೆ ಹಾಕುತ್ತಾ ತಾವು ಹೊರಡಿಸಿದ ಮೌಖಿಕ ಆದೇಶ: “ಲೀಗ್ ವಿಷಯ ನನ್ ಹತ್ರ ಬಾಯಲ್ಲಿ ಹೇಳ್ಬೇಡಿ, ತಲೆ ಚಿಟ್ಟು ಹಿಡಿದುಹೋಗಿದೆ. ಏನಿದ್ರೂ ಬರೆದು ಕೊಡಿ.”
2. ಜನವರಿ ಸಭೆಯ ನಡಾವಳಿ, ಸನ್ಮಾನದ ಫೋಟೋ ಸಹಿತ.
3. ಮೂರು ವಾರದ ಹಿಂದಿನ ಸೋಲು.

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ ಅರ್ಜಿದಾರ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ಅರ್ಜಿದಾರ ಎಂಥವನೆಂಬುದು ತಮಗೆ ಇಪ್ಪತ್ತನಾಲ್ಕು ವರ್ಷಗಳಿಂದ ಗೊತ್ತು. ಆದರೂ ಮುಂದೆ ಈ ಕಡತ ತೆರೆಯುವವರ ಅನುಕೂಲಕ್ಕಾಗಿ ಕೆಲವು ಸಂಗತಿಗಳನ್ನು ದಾಖಲಿಸುವುದು ಅವಶ್ಯ. ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯುವಂತಿಲ್ಲ. ಬದನೆಕಾಯಿಯಾಕಾರದ ಚೆಂಡನ್ನು ಕೈಯಲ್ಲೇ ಎಸೆದು, ಹಿಡಿದು, ಎದುರಾಳಿಯ ಗೆರೆ ದಾಟಿಸಬೇಕು. ಯಾರನ್ನೂ ಕೆಡವುವಂತಿಲ್ಲ, ಚೆಂಡು ಹಿಡಿದವನ ಸೊಂಟದಲ್ಲಿ ತೂಗುವ ಪಟ್ಟಿ ಕಿತ್ತರೆ ಅಲ್ಲಿಗೆ ಆತನ ಓಟ ಮುಗಿಯಿತು. ತಂಡಕ್ಕೆ ಐದು ಜನ. ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ, ಉಳಿದ ನಾಲ್ವರು ಅವನ ಮಾತಿಗಾಗಿ ಕಾಯುತ್ತಾರೆ.

2. ಸದರಿ ಆಟವನ್ನು ನಮ್ಮ ಸೌತ್ ಸಿ ಬಡಾವಣೆಗೆ ತಂದವರು ಟೆಲಿಕಾಂ ಇಂಜಿನಿಯರ್ ಶ್ರೀ ಹೃಷಿಕೇಶ್. ಹನ್ನೊಂದು ವರ್ಷದ ಹಿಂದೆ ಆತ ಚೆಂಡು ತೋರಿಸಿದಾಗ ಅರ್ಜಿದಾರ, “ಇದಕ್ಕೆ ಗಾಳಿ ಸರಿಯಾಗಿ ಹೊಡೆದಿಲ್ಲ ಕಣಯ್ಯ” ಎಂದಿದ್ದ. ಅಂದಿನಿಂದ ಅರ್ಜಿದಾರನ ಕೆಲಸ ಒಂದೇ. ಮುಂದೆ ಬಗ್ಗಿ ನಿಂತು, ಕಾಲ ಸಂದಿಯಿಂದ ಚೆಂಡನ್ನು ಹಿಂದಿದ್ದ ಹೃಷಿಕೇಶನಿಗೆ ಕೊಡುವುದು. ಆದ ಕಾರಣ ಹನ್ನೊಂದು ವರ್ಷ ಅರ್ಜಿದಾರ ಆತ ಎಸೆಯುವುದನ್ನು ಕಣ್ಣಾರೆ ಕಂಡಿಲ್ಲ. ಬೆನ್ನ ಹಿಂದಿನಿಂದ ಆತನ ದನಿ ಕೇಳಿದ್ದಾನೆ, ಅಷ್ಟೆ.

ಆ ದನಿ ಕನ್ನಡದಲ್ಲಿರುತ್ತಿತ್ತು. ಎದುರಿನವರಿಗೆ ತಿಳಿಯದಿರಲೆಂದು ಹೃಷಿಕೇಶ್ ಎಲ್ಲ ಸೂಚನೆಗಳನ್ನೂ ಕನ್ನಡದಲ್ಲೇ ಕೂಗುತ್ತಿದ್ದರು. ‘ಎಡ’ ಎಂದರೆ ಎಡಕ್ಕೆ ಎಸೆತ. ‘ಉದ್ದ’ ಎಂದರೆ ಉದ್ದಕ್ಕೆ. ‘ನಾನೇ’ ಎಂದರೆ ಯಾರಿಗೂ ಎಸೆಯದೆ ಆತನೇ ಚೆಂಡು ಬಗಲಿಗಿಟ್ಟುಕೊಂಡು ಓಡುತ್ತಾನೆ. ಹಿಂದಿ, ಗುಜರಾತಿ, ಇಂಗ್ಲಿಷು ಎಲ್ಲ ಬಲ್ಲ ತಂಡಗಳೂ ಇದರೆದುರು ಕಕ್ಕಾಬಿಕ್ಕಿಯಾದದ್ದನ್ನು ತಾವೇ ಕಂಡಿದ್ದೀರಿ.

ಇದೂ ದಾಖಲಾಗಲಿ. ಒಂಬತ್ತು ವರ್ಷ ಹೃಷಿಕೇಶ್ ಅರ್ಜಿದಾರನ ಕಾರಿನಲ್ಲೇ ಕಚೇರಿಗೆ ಹೋಗುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಅರ್ಜಿದಾರ ಆತನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಗುಂಡಿ ಒತ್ತಿದರೆ ಡಬ್ಬಿಯೊಳಗಿಂದ “ಯಾರು?” ಎಂದು ಕೇಳಿಬರುತ್ತಿತ್ತು. ಅರ್ಜಿದಾರ “ನಾನೇ” ಎನ್ನುತ್ತಿದ್ದ. “ಬಂದೆ” ಎಂದು ಗೇಟು ತೆರೆದುಕೊಳ್ಳುತ್ತಿತ್ತು. ಬರುವವನು ಯಾರೆಂದು ಚೆನ್ನಾಗಿ ಗೊತ್ತಿದ್ದೂ ದಿನಾ ಏಕೆ ಕೇಳುತ್ತಿದ್ದನೋ ಅರ್ಜಿದಾರನಿಗೆ ತಿಳಿಯದು.

3. ಜನವರಿಯ ಸಂಗತಿ. ಹೃಷಿಕೇಶನ ಎಡ ಮಂಡಿ ಕೆಟ್ಟಿತ್ತು. ಕಾರಿನಿಂದ ಇಳಿಯುವಾಗ ಆತ ಬಾಗಿಲು ಹಿಡಿದು ಒಂದು ಕ್ಷಣ ನಿಲ್ಲುವುದನ್ನು ಅರ್ಜಿದಾರ ದಿನವೂ ನೋಡುತ್ತಿದ್ದ. ಮೇಲಾಗಿ ತಂಡ ಸತತ ಮೂರು ಪಂದ್ಯ ಸೋತಿತ್ತು, ಬ್ಯಾಂಕಿನ ಹುಡುಗ ನಂದನ್‌ಗೆ ಎಸೆಯುವ ಆಸೆಯಿತ್ತು. ಮಂಡಿಯ ಕಾಳಜಿ ಎಷ್ಟು, ಸೋಲಿನ ಸಿಟ್ಟು ಎಷ್ಟು ಎಂದು ಈಗ ಕೇಳಿದರೆ ಅರ್ಜಿದಾರ ಅರ್ಧರ್ಧ ಎನ್ನುತ್ತಾನೆ. ಅಂತೂ, ಮುಖಕ್ಕೆ ಹೇಳುವ ಧೈರ್ಯ ಸಾಲದೆ, ನಮ್ಮವರು ಇಂಥ ಕಡೆ ಮಾಡುವುದನ್ನೇ ಅರ್ಜಿದಾರನೂ ಮಾಡಿದ. ಸನ್ಮಾನ ಏರ್ಪಡಿಸಿದ.

ನಮ್ಮ ಮನೆಯ ಹಾಲಿನಲ್ಲೇ ನಡೆಯಿತು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಯಾವುದಕ್ಕೂ ಕೊರತೆ ಇರಲಿಲ್ಲ. “ಇನ್ನು ಮುಂದೆ ಹೃಷಿಕೇಶ್ ಅವರು ನಮ್ಮ ಮಾರ್ಗದರ್ಶಕರು” ಎಂದು ಅರ್ಜಿದಾರ ಘೋಷಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹೃಷಿಕೇಶ್ ಪೇಟ ಸರಿಮಾಡಿಕೊಂಡು, “ಥ್ಯಾಂಕ್ಸ್ ಬಾಲು. ತುಂಬಾ ದೊಡ್ಡ ಮನಸ್ಸು ನಿಂದು” ಎಂದು ಕೇಸರಿಬಾತನ್ನು ಪೂರ್ತಿ ತಿಂದು ಹೋದರು. ತಾವು ಮಾತ್ರ ತಟ್ಟೆ ಎತ್ತುತ್ತಾ, “ರೀ, ಅದು ಸನ್ಮಾನ ಅಲ್ಲ, ಬೀಳ್ಕೊಡುಗೆ. ಅವರ ಮುಖ ನೋಡಿದ್ರಾ?” ಎಂದು ಕೇಳಿದಿರಿ. ಅರ್ಜಿದಾರ ಫೋಟೋ ತೆಗೆಸುವ ಗಡಿಬಿಡಿಯಲ್ಲಿದ್ದ, ನೋಡಿರಲಿಲ್ಲ.

ಮರುವಾರದಿಂದ ಹೃಷಿಕೇಶ್ ನ್ಗಾರಾ ಬಡಾವಣೆಯ ತಂಡಕ್ಕೆ ಆಡತೊಡಗಿದರು. ಕಚೇರಿಗೆ ಮಟಾಟುವಿನಲ್ಲಿ, ಅಂದರೆ ಜನರನ್ನು ತುಂಬಿಕೊಂಡು ಓಡುವ ಬಾಡಿಗೆ ವ್ಯಾನಿನಲ್ಲಿ, ಹೋಗತೊಡಗಿದರು. ಮಂಡಿ ಮಡಚಲೂ ಜಾಗವಿಲ್ಲದ ಆ ಸೀಟುಗಳನ್ನು ನೆನೆದರೆ ಅರ್ಜಿದಾರ ಸಿಗ್ನಲ್ಲಿನಲ್ಲಿ ತನ್ನ ಪಕ್ಕದ ಖಾಲಿ ಸೀಟನ್ನು ಇನ್ನಷ್ಟು ಹಿಂದಕ್ಕೆ ಸರಿಸಿ ಇಡುತ್ತಾನೆ.

4. ಮೂರು ವಾರದ ಹಿಂದಿನ ಲೀಗ್ ಪಂದ್ಯಕ್ಕೆ ಅರ್ಜಿದಾರ ತಯಾರಿಸಿದ ಮೊದಲ ಯೋಜನೆ ಅತ್ಯಂತ ಸರಳವಾಗಿತ್ತು. ಆತ ಕನ್ನಡದಲ್ಲಿ ಕೂಗುತ್ತಾನೆ, ನಾವು ಕನ್ನಡಿಗರು, ಆದ್ದರಿಂದ ಕೇಳಿಸಿಕೊಂಡರೆ ಸಾಕು. ನ್ಗಾರಾ ತಂಡದಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ, ಅವರಿಗೆ ಆತ ಕನ್ನಡದಲ್ಲೇಕೆ ಕೂಗುತ್ತಾನೆ ಎಂಬ ಪ್ರಶ್ನೆ ಅರ್ಜಿದಾರನ ತಲೆಗೆ ಹೊಳೆಯಲಿಲ್ಲ. ತಮಗೆ ಹೊಳೆದಿತ್ತು. ಆದರೆ ತಾವು ಆಗ ಬಾಯಲ್ಲಿ ಹೇಳಿದಿರಿ, ಬರೆದು ಕೊಟ್ಟಿರಲಿಲ್ಲ.

ಪಂದ್ಯ ಆರಂಭವಾಯಿತು. ಹೃಷಿಕೇಶ್ “ತಾನೋ!” ಎಂದು ಕೂಗಿದರು. ಯಾರು ತಾನು ಎಂದು ನಮ್ಮವರು ಮುಖ ಮುಖ ನೋಡಿಕೊಂಡರು. “ಸೀತಾ!” ಎಂದರು. ಮೈದಾನದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಆಮೇಲೆ ಶುದ್ಧ ಮೈಸೂರು ಕನ್ನಡದಲ್ಲಿ, ಹನ್ನೊಂದು ವರ್ಷ ಕೇಳಿದ ಅದೇ ದನಿಯಲ್ಲಿ, “ನಾನೇ!” ಎಂದರು.

ಅರ್ಜಿದಾರನ ನೇತೃತ್ವದಲ್ಲಿ ಐವರೂ ಹೃಷಿಕೇಶನ ಮೇಲೆ ಮುಗಿಬಿದ್ದರು. ಚೆಂಡು ಐವರ ತಲೆಯ ಮೇಲಿಂದ ಹಾರಿ ಕೆವಿನ್ ಎಂಬ ಹಾರ್ಡ್‌ವೇರ್ ಅಂಗಡಿಯ ಸ್ಟೋರ್‌ಕೀಪರನ ಕೈಸೇರಿತು. ಆತ ಓಡಲೂ ಇಲ್ಲ, ನಡೆದುಕೊಂಡೇ ಗೆರೆ ದಾಟಿದ. ಎರಡನೇ ಬಾರಿ ‘ನಾನೇ’ ಕೇಳಿದಾಗ, ಮೊದಲನೆಯದು ಮೋಸ, ಈ ಸಲ ನಿಜವಿರಬೇಕೆಂದು ತೀರ್ಮಾನಿಸಿ ಮತ್ತೆ ಐವರೂ ಮುಗಿಬಿದ್ದರು. ಮೂರನೇ ಬಾರಿಗೆ ಯಾವ ಕಾರಣವೂ ಇರಲಿಲ್ಲ, ಕಾಲುಗಳೇ ಓಡಿದವು. ಆಗ ನಮ್ಮ ಮಗಳು ಹರ್ಷಿತಾ ಗೆರೆಯಾಚೆಯಿಂದ, “ಅಪ್ಪಾ! ನಾನೇ ಈಸ್ ಏಯ್ಟ್! ಇಟ್ಸ್ ಸ್ವಾಹಿಲಿ! ಗಾರ್ಡ್ ನಂಬರ್ ಏಯ್ಟ್!” ಎಂದು ಕಿರುಚಿದಳು. ಅರ್ಜಿದಾರ ತಿರುಗಿ, “ಯಾರು, ನಾನಾ?” ಎಂದು ಕೇಳಿದ್ದು ಆಕೆಯ ವಿಡಿಯೋದಲ್ಲಿ ಸ್ಪಷ್ಟವಾಗಿ ದಾಖಲಾಗಿದೆ.

ಹದಿಮೂರು ವರ್ಷ ಈ ಊರಿನಲ್ಲಿದ್ದೂ ಅರ್ಜಿದಾರನ ಸ್ವಾಹಿಲಿ ಎಣಿಕೆ ನಾಲ್ಕಕ್ಕೆ ನಿಂತಿದೆ; ‘ತಾನೋ’ ಐದು, ‘ಸೀತಾ’ ಆರು ಎಂಬುದು ಆಮೇಲೆ ತಿಳಿದದ್ದು. ನಾಲ್ಕಕ್ಕಿಂತ ಹೆಚ್ಚು ಅನಾನಸ್ ಒಮ್ಮೆಲೇ ಕೊಂಡ ಪ್ರಸಂಗ ಬಂದಿಲ್ಲವಾದ್ದರಿಂದ ಇದನ್ನು ಕರ್ತವ್ಯಲೋಪವೆಂದು ಪರಿಗಣಿಸಬಾರದು.

5. ಪಂದ್ಯದ ನಂತರ ಕೈಕುಲುಕುವಾಗ ಕೆವಿನ್, “ಸವಾ, ಅಂಕಲ್?” ಎಂದು, ಎಲ್ಲ ಸರಿ ತಾನೆ ಎಂಬರ್ಥದಲ್ಲಿ ಸ್ವಾಹಿಲಿಯಲ್ಲಿ ಕೇಳಿ ನಕ್ಕ. “ಐ ಆಮ್ ನಂಬರ್ ಟೆನ್, ಯು ನೋ. ಹೃಷಿ ಮೇಡ್ ಮಿ ವೇರ್ ಏಯ್ಟ್. ಹಿ ಸೇಡ್, ವೆನ್ ಐ ಶೌಟ್ ಇಟ್, ಬಾಲು ವಿಲ್ ಕಮ್ ಟು ಮಿ. ಹಿ ವಾಸ್ ವೆರಿ ಶೂರ್.”

ಈ ಹೇಳಿಕೆಯನ್ನು ಅರ್ಜಿದಾರ ಮೂರು ವಾರಗಳಿಂದ ಪರಿಶೀಲಿಸುತ್ತಿದ್ದಾನೆ. ತಾನು ಕರೆದರೆ ಬಾಲು ಓಡಿ ಬರುತ್ತಾನೆ ಎಂಬ ಒಂದೇ ನಂಬಿಕೆಯ ಮೇಲೆ ಆತ ಇಡೀ ಆಟ ಕಟ್ಟಿದ್ದ. ಅದು ಸರಿಯಾಗಿಯೂ ಇತ್ತು. ಸೋತದ್ದಕ್ಕಿಂತ ಇದು ಅರ್ಜಿದಾರನಿಗೆ ಹೆಚ್ಚು ನಾಟಿದೆ.

6. ಪರಿಷ್ಕೃತ ಯೋಜನೆ ಈ ಕೆಳಗಿನಂತಿದೆ.

ಅ) ನಮ್ಮ ನಾಲ್ವರು ಆಟಗಾರರು ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳತಕ್ಕದ್ದು. ಹತ್ತಿಯನ್ನು ಅರ್ಜಿದಾರ ಔಷಧಿ ಅಂಗಡಿಯಿಂದ ಈಗಾಗಲೇ ತಂದಿರುತ್ತಾನೆ.

ಆ) ಕಿವಿಯ ಬದಲು ಕಣ್ಣು ಉಪಯೋಗಿಸತಕ್ಕದ್ದು. ವಿಡಿಯೋವನ್ನು ಹದಿನಾಲ್ಕು ಬಾರಿ ನೋಡಿದಾಗ ತಿಳಿದುಬಂದಂತೆ, ಎಸೆಯುವ ಮುನ್ನ ಹೃಷಿಕೇಶನ ನಾಲಿಗೆ ತುಟಿಯ ಮೂಲೆಗೆ ಬರುತ್ತದೆ. ಬಲ ಮೂಲೆಗೆ ಬಂದರೆ ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ. ಹನ್ನೊಂದು ವರ್ಷ ಬೆನ್ನು ಕೊಟ್ಟು ನಿಂತವನಿಗೆ ಇದು ಹೊಸ ವಿಷಯ. ಆತ ಎಸೆಯುವುದು ಬಹಳ ಚೆನ್ನಾಗಿದೆ ಎಂಬುದೂ ಹೊಸ ವಿಷಯವೇ.

ಇ) ಹೃಷಿಕೇಶನ ಎಡಬದಿಯಿಂದ ಒತ್ತಡ: ಈ ಅಂಶವನ್ನು ಹೊಡೆದುಹಾಕಲಾಗಿದೆ.

7. ಅಂಶ ‘ಇ’ ಬಗ್ಗೆ ವಿವರಣೆ ಕೊಡಬೇಕಾಗಿದೆ. ವಿಡಿಯೋ ನೋಡುತ್ತಾ ನಂದನ್, “ಅಂಕಲ್, ವಿಡಿಯೋ ನಿಲ್ಸಿ, ನಿಲ್ಸಿ! ಅವ್ರ ಲೆಫ್ಟ್ ಮಂಡಿ ನೋಡಿ, ಏನೋ ಸುತ್ಕೊಂಡಿದಾರೆ. ಆ ಸೈಡಿಂದ ರಶ್ ಮಾಡಿ ಎರಡು ಸಲ ಗಕ್ಕಂತ ತಿರುಗಿಸಿದ್ರೆ ಮುಗೀತು, ಮೂರನೇ ಸಲ ಎಸೆಯೋಕೇ ಆಗಲ್ಲ” ಎಂದ.

ಅರ್ಜಿದಾರ ಕನ್ನಡಕ ಒರೆಸಿಕೊಂಡು ನೋಡಿದ. ಮಂಡಿಗೆ ಸುತ್ತಿದ್ದದ್ದು ಮೈಸೂರು ಜರಿಯ ಅಂಚಿನ ಶಾಲು. ಜನವರಿಯಲ್ಲಿ ಅರ್ಜಿದಾರನೇ ಹೊದಿಸಿದ್ದು.

“ಆ ಕಡೆಯಿಂದ ಬೇಡ” ಎಂದ ಅರ್ಜಿದಾರ.

“ಯಾಕ್ ಅಂಕಲ್? ಅದೊಂದೇ ವೀಕ್‌ನೆಸ್ ಇರೋದು.”

“ಆ ಕಡೆ ಬಿಸಿಲು ಕಣ್ಣಿಗೆ ಹೊಡಿಯತ್ತೆ.”

“ಜುಲೈನಲ್ಲಿ ಬಿಸಿಲಾ? ಸ್ವೆಟರ್ ಹಾಕ್ಕೊಂಡು ಕೂತಿದೀವಲ್ಲ ಅಂಕಲ್!”

“ಹೊಡಿಯತ್ತೆ ಅಂದ್ನಲ್ಲ, ಸುಮ್ನಿರೋ.”

ನಂದನ್ ಹೇಳಿದ್ದು ಆಟದ ದೃಷ್ಟಿಯಿಂದ ನೂರಕ್ಕೆ ನೂರು ಸರಿ. ನಿಯಮದಲ್ಲೂ ತಪ್ಪಿಲ್ಲ. ಆದರೆ ಆ ಮಂಡಿಯ ಗುಟ್ಟು ಅರ್ಜಿದಾರನಿಗೆ ತಿಳಿದದ್ದು ಮೈದಾನದಲ್ಲಲ್ಲ, ಕಾರಿನಲ್ಲಿ. ಪಕ್ಕದಲ್ಲಿ ಕೂತವನು ಮರೆಮಾಡದೆ ತೋರಿಸಿದ್ದನ್ನು ಎದುರು ನಿಂತು ಉಪಯೋಗಿಸಿಕೊಳ್ಳುವುದು ಅರ್ಜಿದಾರನಿಂದ ಆಗದು. ಒಮ್ಮೆ ಆ ಮಂಡಿಯ ನೆಪ ಹಿಡಿದು ಅವನನ್ನು ಮನೆಗೆ ಕಳಿಸಿದ್ದಾಗಿದೆ, ಅಷ್ಟು ಸಾಕು. ಹಾಗಾಗಿ ಆತನ ಎಡಬದಿಯಲ್ಲಿ ನಮ್ಮ ರಕ್ಷಣೆ ಖಾಲಿ ಇರುತ್ತದೆ. ಆದ ಕಾರಣ ಫೈನಲ್ ಸೋಲುವ ಸಂಭವವಿದೆ. ಇದನ್ನು ಅರ್ಜಿದಾರ ತಿಳಿದೇ ಬರೆಯುತ್ತಿದ್ದಾನೆ.

8. ಈ ಅರ್ಜಿಯ ಕರಡನ್ನು ತಾವು ನಿನ್ನೆ ಕದ್ದು ಓದಿ, “ಮೂರು ಪುಟ ಬರೆಯೋ ಬದಲು ಫೋನ್ ಮಾಡಿ ಸಾರಿ ಅಂದ್ರೆ ಆಗಲ್ವ? ಎರಡು ಅಕ್ಷರ” ಎಂದು ಟಿಪ್ಪಣಿ ಮಾಡಿದ್ದೀರಿ. ಟಿಪ್ಪಣಿಯನ್ನು ಗಮನಿಸಲಾಗಿದೆ. ಅರ್ಜಿದಾರ ಐದು ಬಾರಿ ಫೋನ್ ಕೈಗೆತ್ತಿಕೊಂಡಿದ್ದಾನೆ. ಐದು ಬಾರಿಯೂ ಗಂಟೆ ಎಷ್ಟೆಂದು ನೋಡಿ ಕೆಳಗಿಟ್ಟಿದ್ದಾನೆ. ಅರ್ಜಿಯಾದರೆ ಬರೆಯಲು ಬರುತ್ತದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ನಾಲ್ಕು ಜೊತೆ ಕಿವಿಗಳಿಗೆ ಹತ್ತಿ ಮಂಜೂರು ಮಾಡಬೇಕೆಂದೂ, ಜನವರಿಯ ಸನ್ಮಾನವನ್ನು ನಡಾವಳಿಯಿಂದ ತೆಗೆದುಹಾಕಬೇಕೆಂದೂ, ಶಾಲನ್ನು ಮಾತ್ರ ವಾಪಸು ಕೇಳಬಾರದೆಂದೂ ಪ್ರಾರ್ಥನೆ. ಅರ್ಜಿದಾರ ತನ್ನ ಕಿವಿಗಳಿಗೆ ಹತ್ತಿ ಕೋರಿಲ್ಲ. ಅವು ತೆರೆದೇ ಇರಲಿ.

ತಮ್ಮ ವಿಶ್ವಾಸಿಯೂ, ಸಪ್ತಪದಿಯ ಪ್ರಕಾರ ಪತಿಯೂ ಆದ,
ಬಾಲಕೃಷ್ಣ

ಲಗತ್ತುಗಳು:
1. ಹತ್ತಿ, ಒಂದು ಸುರುಳಿ.
2. ಹರ್ಷಿತಾಳ ವಿಡಿಯೋ. ‘ಯಾರು, ನಾನಾ?’ ಎಂಬ ಭಾಗ ಬಿಟ್ಟು ನೋಡುವುದು.
3. ಸ್ವಾಹಿಲಿ ಅಂಕಿಗಳ ಪಟ್ಟಿ, ಒಂದರಿಂದ ಹತ್ತು, ಅರ್ಜಿದಾರನ ಸ್ವಹಸ್ತಾಕ್ಷರದಲ್ಲಿ ಇಪ್ಪತ್ತು ಸಲ ಬರೆದದ್ದು.
4. ಎಡಬದಿಯ ಬಿಸಿಲಿನ ಬಗ್ಗೆ ಪುರಾವೆ: ಲಭ್ಯವಿಲ್ಲ.

ವಿ.ಸೂ.: ಪಂದ್ಯ ಗೆಲ್ಲಲಿ ಸೋಲಲಿ, ಸೋಮವಾರ ಬೆಳಿಗ್ಗೆ ಏಳಕ್ಕೆ ಅರ್ಜಿದಾರ ಹೃಷಿಕೇಶನ ಗೇಟಿನ ಬಳಿ ಕಾರು ನಿಲ್ಲಿಸಿ ಗುಂಡಿ ಒತ್ತಲಿದ್ದಾನೆ. ಒಳಗಿನಿಂದ “ಯಾರು?” ಎಂದು ಕೇಳುತ್ತಾರೆ. ಅರ್ಜಿದಾರ “ನಾನೇ” ಎನ್ನುತ್ತಾನೆ. ಸದರಿ ಪದವನ್ನು ಈ ಒಂದು ಸಂದರ್ಭದಲ್ಲಿ ಎಂಟು ಎಂದು ಅರ್ಥೈಸದೆ ಗೇಟು ತೆರೆಯುವಂತೆ ಸಂಬಂಧಪಟ್ಟವರಿಗೆ ಮುಂಚಿತವಾಗಿ ತಿಳಿಸಬೇಕಾಗಿ ಕೋರಿಕೆ.