ಕರೆಯದೆ ಬಂದವರ ಗಡೀಪಾರು

ನನಗೆ ಯಾರೂ ಮೋಸ ಮಾಡಲಾರರು! ಇದು ಜಂಬವಲ್ಲ, ನನ್ನ ಹೊಟ್ಟೆಪಾಡು. ದೊಡ್ಡದೊಂದು ಗೋದಾಮಿನ ಬಾಗಿಲಲ್ಲಿ ಕೂತು, ಬಂದ ಮಾಲನ್ನೆಲ್ಲ ಬಿಲ್ಲಿನೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ಬಿಲ್ಲಿನಲ್ಲಿ ಇರುವುದು ಒಳಕ್ಕೆ, ಇಲ್ಲದ್ದು ಲಾರಿಗೆ ವಾಪಸ್ಸು. ಪುಕ್ಕಟೆ ಎಂದು ಜೊತೆಗಿಟ್ಟು ಕಳಿಸಿದ ಟೋಪಿ, ಕೀಚೈನುಗಳನ್ನೂ ಬಂದ ದಾರಿಯಲ್ಲೇ ಹಿಂದಕ್ಕಟ್ಟಿದ ಧೀರ ನಾನು. ಪುಕ್ಕಟೆ ಕೊಡುವವನ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು? ಲಾರಿ ಡ್ರೈವರುಗಳು ನನಗೆ ‘ಅನುಮಾನ ಸಾಹೇಬರು’ ಎಂದು ನಾಮಕರಣ ಮಾಡಿದ್ದಾರೆ. ನಾನು ಅದನ್ನು ಬಿರುದೆಂದೇ ಸ್ವೀಕರಿಸಿದ್ದೇನೆ.

ಇಂಥ ನನ್ನ ಮನೆಗೆ ಒಂದು ಹೊಸ ಕಂಪ್ಯೂಟರ್ ಬಂತು. ಹೆಸರುವಾಸಿ ಕಂಪನಿಯದು. ತಂದದ್ದು ನನ್ನ ಹೆಂಡತಿಗಾಗಿ. ಅವಳು ದೊಡ್ಡ ಅಂಗಡಿಯೊಂದರಲ್ಲಿ ಮೈಕಿನ ಮುಂದೆ ಕೂತು, “ಕೆಂಪು ಅಂಗಿ ತೊಟ್ಟ ಮಗುವಿನ ತಾಯಿ ಎಲ್ಲಿದ್ದರೂ ಮೊದಲ ಮಹಡಿಗೆ ಬರಬೇಕು” ಎಂದು ಕರೆಯುತ್ತಿದ್ದವಳು. ಅಂಗಡಿಯವರು ಅವಳ ಜಾಗದಲ್ಲಿ ರೆಕಾರ್ಡ್ ಮಾಡಿದ ಧ್ವನಿಯೊಂದನ್ನು ತಂದು ಕೂರಿಸಿ, ಅವಳನ್ನು ಮನೆಗೆ ಕಳಿಸಿಬಿಟ್ಟರು. ಅಂದಿನಿಂದ ಅವಳು ಮನೆಯಲ್ಲೂ ಮಾತು ಕಡಿಮೆ ಮಾಡಿದಳು. ಬೈಸಿಕೊಳ್ಳದ ದಿನ ಊಟ ರುಚಿಸದ ಜೀವ ನನ್ನದು. ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಈಗ, ಯಂತ್ರಗಳಿಗೆ ಧ್ವನಿ ಒದಗಿಸುವ ಕಂಪನಿಯೊಂದು ಅವಳನ್ನು ಪರೀಕ್ಷೆಗೆ ಕರೆದಿತ್ತು. ಸೋಮವಾರ ಬೆಳಿಗ್ಗೆ ಮನೆಯಲ್ಲೇ, ಕಂಪ್ಯೂಟರಿನ ಮುಂದೆ ಕೂತು ಓದಿ ತೋರಿಸಬೇಕು. ಅವಳು ವಾರವಿಡೀ ಬಿಸಿನೀರು ಕುಡಿಯುತ್ತಾ, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು, “ಬಳಸುವ ಮುನ್ನ ಚೆನ್ನಾಗಿ ಕುಲುಕಿ” ಎಂದು ನಾನಾ ಭಾವಗಳಲ್ಲಿ ಓದಿ ಅಭ್ಯಾಸ ಮಾಡಿದ್ದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಕಳೆ ಕಂಡಿತ್ತು.

ಭಾನುವಾರ ಪೆಟ್ಟಿಗೆ ಬಿಚ್ಚಿ ಕಂಪ್ಯೂಟರನ್ನು ಊಟದ ಮೇಜಿನ ಮೇಲಿಟ್ಟು ಸ್ವಿಚ್ ಒತ್ತಿದೆ. ಪರದೆ ಬೆಳಗಿತು. ನೋಡುತ್ತೇನೆ, ಒಳಗೆ ಆಗಲೇ ಜನ ತುಂಬಿದ್ದಾರೆ! ಒಬ್ಬ ಹವಾಮಾನ ಹೇಳುವವನು. ಒಬ್ಬ ಫೋಟೋ ಚಂದಗಾಣಿಸುವವನು. ಒಬ್ಬ, ನಾನು ಏನೂ ಕೇಳದಿದ್ದರೂ ಮೂಲೆಯಿಂದ ಇಣುಕಿ, “ನಾನು ನಿಮಗೆ ಹೇಗೆ ನೆರವಾಗಲಿ?” ಎಂದು ಹಲ್ಲು ಕಿರಿಯುವವನು. ಇನ್ನೊಬ್ಬ ಕಾವಲುಗಾರನಂತೆ; ಕಣ್ಣು ಬಿಟ್ಟ ಕ್ಷಣದಿಂದ, “ನೀವು ಅಪಾಯದಲ್ಲಿದ್ದೀರಿ! ಇಂದೇ ಚಂದಾದಾರರಾಗಿ!” ಎಂದು ಬೊಬ್ಬೆ ಹಾಕುತ್ತಿದ್ದ. ಕಾಸು ಬಿಚ್ಚದಿದ್ದರೆ ಕಳ್ಳ ಬರುತ್ತಾನೆ ಎನ್ನುವ ಕಾವಲುಗಾರನಿಗೂ ಕಳ್ಳನಿಗೂ ಏನು ವ್ಯತ್ಯಾಸ?

“ಇವರೆಲ್ಲ ಯಾರೇ?” ಎಂದೆ.

“ಕಂಪನಿಯವರೇ ಹಾಕಿ ಕಳ್ಸಿರ್ತಾರಂತೆ ರೀ. ಅವರ ಪಾಡಿಗೆ ಅವರು ಇರ್ತಾರೆ, ಬಿಡಿ.”

“ಬಿಲ್ಲಿನಲ್ಲಿ ಇವರ ಹೆಸರೇ ಇಲ್ವಲ್ಲ! ಮನೆ ಕೊಂಡ್ಕೊಂಡೋರಿಗೆ ಅಡುಗೆಮನೇಲಿ ಯಾರೋ ಬಾಡಿಗೆಗಿದ್ದಾರೆ ಅಂದ್ರೆ ನೀನು ಸುಮ್ಮನಿರ್ತೀಯಾ?”

ಅಷ್ಟರಲ್ಲಿ ಪರದೆಯ ಅಂಚಿನಲ್ಲಿ ಜಾಹೀರಾತೊಂದು ಮೂಡಿತು: ‘ಗೊರಕೆಯೇ? ಇಗೋ ನಮ್ಮ ಹೊಸ ದಿಂಬು!’

“ನೋಡಿದ್ಯಾ! ಇದು ಬಂದು ಇನ್ನೂ ಒಂದು ರಾತ್ರಿ ಕಳೆದಿಲ್ಲ, ಆಗಲೇ ನನ್ನ ಗೊರಕೆ ಕೇಳಿಸ್ಕೊಂಡಿದೆ!”

“ನಿಮ್ಮ ಗೊರಕೆ ಕೇಳಿಸ್ಕೊಳ್ಳೋಕೆ ಕಂಪ್ಯೂಟರ್ ಯಾಕೆ ಬೇಕು, ಪಕ್ಕದ ಬೀದಿಯವರು ಸಾಕು. ಈಗ ನೀವು ಕಾಫಿಗೆ ಎದ್ದಾಗ ಇದರಲ್ಲಿ ಆ ದಿಂಬು ಹುಡುಕಿದ್ದು ನಾನೇ.”

ನಾನು ಒಪ್ಪಲಿಲ್ಲ. ಮೊದಲ ಕ್ರಮವಾಗಿ ಕ್ಯಾಮೆರಾದ ಕಣ್ಣಿಗೆ ಗಾಯದ ಪಟ್ಟಿ ಅಂಟಿಸಿದೆ. ಆಮೇಲೆ ಅಂಗಿಯ ತೋಳು ಮಡಿಸಿ ಘೋಷಿಸಿದೆ: “ಸಂಜೆಯೊಳಗೆ ಈ ಯಂತ್ರ ಶುದ್ಧವಾಗಬೇಕು. ಕರೆಯದೆ ಬಂದವರೆಲ್ಲ ಗಡೀಪಾರು!”

“ನಾಳೆ ನನ್ನ ಪರೀಕ್ಷೆ ಇದೆ ಕಣ್ರೀ. ಅದೊಂದು ಮುಗೀಲಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ.”

“ನಿನ್ನ ಪರೀಕ್ಷೆಗೋಸ್ಕರವೇ ಮಾಡ್ತಿರೋದು!”

ಗೋದಾಮಿನ ಶಿಸ್ತಿನಲ್ಲೇ ವಿಚಾರಣೆ ಆರಂಭವಾಯಿತು. ನೀನು ಯಾರು? ನಿನ್ನನ್ನು ಕರೆದವರು ಯಾರು? ಉತ್ತರವಿಲ್ಲವೇ? ನಡಿ ಆಚೆ! ಹವಾಮಾನದವನು ಹೋದ, ಕಿಟಕಿ ಇರುವ ಮನೆಗೆ ಅವನೇಕೆ? ಫೋಟೋದವನು ಹೋದ. ಕಾವಲುಗಾರ ಬೊಬ್ಬೆ ಹಾಕುತ್ತಲೇ ಹೋದ. ಹಲ್ಲು ಕಿರಿಯುವವನನ್ನು ಓಡಿಸಿದರೆ ಮತ್ತೆ ಬಂದ, ಮತ್ತೆ ಓಡಿಸಿದೆ. ಗುಳ್ಳೆ ಒಡೆಯುವ ಆಟವೊಂದಿತ್ತು, ಅದನ್ನೂ ಕಿತ್ತೆಸೆದೆ. ಆಗಲೇ ಬೆನ್ನ ಹಿಂದಿನಿಂದ ನಡುಗುವ ಧ್ವನಿ ಬಂತು.

“ಅಳಿಯಂದ್ರೇ, ನನ್ನ ಗುಳ್ಳೆ ಎಲ್ಲಿ?”

ನಮ್ಮ ಜೊತೆಯಲ್ಲೇ ಇರುವ ಮಾವನವರು. ನಾನು ಊಟ ಮಾಡುವಷ್ಟರಲ್ಲಿ ಅವರು ಆ ಆಟಕ್ಕೆ ಸೋತು ಶರಣಾಗಿದ್ದರು.

“ಮಾವ, ಅದು ಗೂಢಚಾರಿ.”

“ಗುಳ್ಳೇಲಿ ಏನಪ್ಪಾ ಗುಟ್ಟು?” ಎಂದು ಗೊಣಗುತ್ತಾ ಅವರು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಸಾಲಿನ ಕೊನೆಯಲ್ಲಿ ಒಬ್ಬ ಉಳಿದಿದ್ದ. ಹೆಸರು ಅಕ್ಷರಗಳೂ ಅಂಕಿಗಳೂ ಕಲಸಿದ ಒಂದು ಮುದ್ದೆ. ಚಿತ್ರವಿಲ್ಲ, ಬಣ್ಣವಿಲ್ಲ. ಉಳಿದವರೆಲ್ಲ ಕೂಗಾಡಿ ಕರೆದರೆ ಇವನು ಬೆಳಗಿನಿಂದ ತುಟಿ ಪಿಟಕ್ಕೆಂದಿರಲಿಲ್ಲ. ಗೋದಾಮಿನ ಬಾಗಿಲಲ್ಲಿ ಇಷ್ಟು ವರ್ಷ ಕೂತವನಿಗೆ ಇಷ್ಟು ಮೌನ ಕಂಡರೆ ಮೂಗು ಅರಳದೆ ಇರುತ್ತದೆಯೇ? ಇವನೇ ಇವರ ನಾಯಕ! ಕಣ್ಣು ಮುಚ್ಚಿ ಅವನನ್ನೂ ಅಟ್ಟಿದೆ. ಯಂತ್ರ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡಿತು. ಆಹಾ, ಎಂಥ ಶಾಂತಿ! ಒಂದು ಸದ್ದಿಲ್ಲ, ಸುಳಿವಿಲ್ಲ. ಆ ಶಾಂತಿಯನ್ನು ನಾನು ನನ್ನ ವಿಜಯವೆಂದೇ ತಿಳಿದು ನೆಮ್ಮದಿಯಾಗಿ ನಿದ್ದೆ ಹೋದೆ.

ಸೋಮವಾರ ಹೆಂಡತಿ ಒಳ್ಳೆಯ ಸೀರೆಯುಟ್ಟು ಕಂಪ್ಯೂಟರಿನ ಮುಂದೆ ಕೂತಳು. ಕ್ಯಾಮೆರಾದ ಮೇಲಿನ ಪಟ್ಟಿ ಕಿತ್ತೆವು. ಪರದೆಯ ಮೇಲೆ ಕನ್ನಡಕ ಹಾಕಿದ ಹೆಂಗಸೊಬ್ಬರು ಕಾಣಿಸಿಕೊಂಡು ಬಾಯಿ ಆಡಿಸಿದರು. ಏನೂ ಕೇಳಿಸಲಿಲ್ಲ. ಇವಳು ನಮಸ್ಕಾರ ಎಂದಳು. ಅವರು ಕಿವಿಯ ಕಡೆ ಬೆರಳು ತೋರಿಸಿ ತಲೆಯಾಡಿಸಿದರು. ಇವಳು ಕೂಗಿ ಹೇಳಿದಳು. ಅವರೂ ಕೂಗಿರಬೇಕು, ಕತ್ತಿನ ನರ ಉಬ್ಬಿತ್ತು. ಇಬ್ಬರೂ ಗಾಜಿನ ತೊಟ್ಟಿಯ ಮೀನುಗಳಂತೆ ಬಾಯಿ ತೆರೆದು ಮುಚ್ಚುತ್ತಿದ್ದರು.

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. “ನಿನ್ನೆ ಕೊನೇಲಿ ಏನು ತೆಗೆದ್ರಿ?”

“ಒಬ್ಬ ಮೂಗನ್ನ,” ಎಂದೆ. ಹೇಳುತ್ತಿದ್ದಂತೆಯೇ ನನಗೂ ಹೊಳೆಯಿತು. ಇಡೀ ಯಂತ್ರಕ್ಕೆ ಕಿವಿ, ಬಾಯಿ ಕೊಟ್ಟಿದ್ದವನೇ ಆ ಪುಣ್ಯಾತ್ಮ!

ಅವಳ ಮೊಬೈಲು ಬಡಿದುಕೊಂಡಿತು. ಅವಳು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. “ಮೇಡಂ, ನಿಮ್ಮ ಧ್ವನಿ ನಮಗೆ ಬರ್ತಾ ಇಲ್ಲ. ಬೇರೆಯವರು ಕಾಯ್ತಾ ಇದ್ದಾರೆ. ನೋಡೋಣ, ಮುಂದೆ ಯಾವಾಗಲಾದ್ರೂ...”

ಅವಳ ಮುಖದ ಕಳೆ ಇಳಿದುಹೋಯಿತು. ಅದನ್ನು ನೋಡಲಾಗದೆ, ಏನಾದರೂ ಸರಿಪಡಿಸೋಣವೆಂದು ನಾನು ಮೌಸಿಗೆ ಕೈ ಹಾಕಿದೆ. ಅಲ್ಲಿ ನಿನ್ನೆ ನನ್ನ ಕಣ್ಣಿಗೆ ಬೀಳದ ಇನ್ನೊಬ್ಬ ಅಪರಿಚಿತ ಕಂಡ. ಇವನನ್ನು ತೆಗೆದರೆ ಸರಿಹೋದೀತೇ?

“ಕೈ ತೆಗೀರಿ ಅಲ್ಲಿಂದ!”

ನಾನು ನೆಗೆದೆ. ಒಳಗಿನ ಕೋಣೆಯಲ್ಲಿ ಮಾವನವರೂ ಎದ್ದು ಕೂತರು.

“ಅದೇನು ಅಂತ ಗೊತ್ತಾ ನಿಮಗೆ? ಗೊತ್ತಿಲ್ಲದ ಮೇಲೆ ಯಾಕೆ ಮುಟ್ತೀರಿ? ಒಂದ್ಸಲ ಹಾಳು ಮಾಡಿದ್ದು ಸಾಲ್ದಾ? ಕೈ ಕಟ್ಕೊಂಡು ಕೂತ್ಕೊಳ್ಳಿ!”

ನಾನು ಕೈ ಕಟ್ಟಿ ಕೂತೆ. ಎಷ್ಟೋ ದಿನಗಳ ಮೇಲೆ ಕೇಳಿದ ಆ ಧ್ವನಿಗೆ ಕಣ್ಣಲ್ಲಿ ನೀರೇ ಬಂತು, ಸುಳ್ಳಲ್ಲ. ಮೇಜಿನ ಮೇಲಿನ ಮೊಬೈಲನ್ನು ಯಾರೂ ಆರಿಸಿರಲಿಲ್ಲ.

“ಮೇಡಂ,” ಎಂದಿತು ಅದು, “ಅದನ್ನೇ ಇನ್ನೊಂದ್ಸಲ ಹೇಳ್ತೀರಾ?”

ಹೆಂಡತಿ ನಾಚಿ, ಸೆರಗು ಸರಿಮಾಡಿಕೊಂಡು, ಅಂಗಡಿಯ ಮೈಕಿನ ನಯದಲ್ಲಿ ಉಲಿದಳು: “ದಯವಿಟ್ಟು ಅಲ್ಲಿಂದ ಕೈ ತೆಗೆಯಿರಿ.”

“ಹಾಗಲ್ಲ, ಮೊದಲು ಹೇಳಿದ್ರಲ್ಲ, ಹಾಗೆ.”

“ಹಾಗೆ ಬರ್ಬೇಕು ಅಂದ್ರೆ ಇವರು ಮತ್ತೆ ಮುಟ್ಬೇಕು.”

“ಮುಟ್ಟೋಕೆ ಹೇಳಿ ಮೇಡಂ.”

ಹೆಂಡತಿಯ ಭವಿಷ್ಯಕ್ಕಾಗಿ ನಾನು ಮೌಸು ಮುಟ್ಟಿದೆ. ಒಮ್ಮೆ ಮುಟ್ಟಿದೆ, ಬೈಸಿಕೊಂಡೆ. “ಇನ್ನೂ ಸ್ವಲ್ಪ ಗಟ್ಟಿಯಾಗಿ” ಎಂದರು. ಪರದೆಯ ಇನ್ನೂ ಅಪಾಯದ ಜಾಗದಲ್ಲಿ ಮುಟ್ಟಿದೆ. “ಈಗ ಸ್ವಲ್ಪ ಬೇಸರದಲ್ಲಿ” ಎಂದರು. ಬೇಸರ ಬರುವ ತನಕ ಮುಟ್ಟಿದೆ. ಕೊನೆಗೆ ಆ ಹೆಂಗಸು, “ಇಷ್ಟು ದಿನ ಹುಡುಕ್ತಾ ಇದ್ದ ಧ್ವನಿ ಸಿಕ್ತು” ಎಂದು ಸಂತೋಷದಿಂದ ಫೋನಿಟ್ಟರು. ಹೆಂಡತಿಗೆ ಕೆಲಸವಾಯಿತು! ಕಂಪ್ಯೂಟರ್ ಮಾರಿದ ಅಂಗಡಿಯವನು ಬಂದು, ನಾನು ಓಡಿಸಿದ್ದ ಮೂಗನನ್ನೂ ಮಾವನ ಗುಳ್ಳೆಗಳನ್ನೂ ಮರಳಿ ತಂದು ಕೂರಿಸಿದ.

ಅನುಮಾನ ಮಾತ್ರ ನನ್ನನ್ನು ಬಿಡಲಿಲ್ಲ. “ಅಲ್ವೇ, ಗಂಡನ್ನ ಬೈಯೋ ಧ್ವನಿ ಯಾವ ಯಂತ್ರಕ್ಕೆ ಬೇಕು?” ಎಂದು ಕೇಳಿದರೆ, “ಹೊರಗೆ ಹೇಳೋ ಹಾಗಿಲ್ಲ ರೀ” ಎಂದು ನಗುತ್ತಿದ್ದಳು. ಆ ನಗು ನನಗೆ ಸರಿಬರಲಿಲ್ಲ.

ಕೆಲವು ತಿಂಗಳ ಮೇಲೆ ನಮ್ಮ ಗೋದಾಮಿಗೂ ಹೊಸ ಕಂಪ್ಯೂಟರ್ ಬಂತು. ಒಳಗೆ ಅದೇ ಬೇಡದ ದಂಡು. ಮ್ಯಾನೇಜರು ನನ್ನನ್ನೇ ಕರೆದರು. ಎಲ್ಲರೂ ಸುತ್ತ ನೆರೆದರು. ನಾನು ಅನುಭವಸ್ಥನ ಗತ್ತಿನಲ್ಲಿ ಕುರ್ಚಿ ಎಳೆದು ಕೂತು, ಬೊಬ್ಬೆ ಹಾಕುವ ಕಾವಲುಗಾರನನ್ನು ಆರಿಸಿ, ‘ತೆಗೆದುಹಾಕು’ ಎಂಬಲ್ಲಿ ಒತ್ತಿದೆ.

“ಕೈ ತೆಗೀರಿ ಅಲ್ಲಿಂದ!” ಎಂದಿತು ಕಂಪ್ಯೂಟರ್. “ಅದೇನು ಅಂತ ಗೊತ್ತಾ ನಿಮಗೆ?”

“ಇಲ್ಲ ಕಣೇ!” ಎಂದು ಕೂಗಿ ನಾನು ಎದ್ದು ನಿಂತಿದ್ದೆ.

ಎಲ್ಲರೂ ಗೊಳ್ಳೆಂದರು. ಮ್ಯಾನೇಜರಿಗೆ ಅರ್ಥವಾಗಲಿಲ್ಲ. “ಯಾಕ್ರೀ ಹೆದರ್ತೀರಿ? ಯಾವುದೋ ರೆಕಾರ್ಡ್ ಮಾಡಿದ ಧ್ವನಿ ಅದು. ತೆಗೆದು ಬಿಸಾಕ್ರಿ!”

“ಬೇರೆ ಯಾರಾದ್ರೂ ತೆಗೀಲಿ ಸಾರ್,” ಎಂದೆ ಕೈ ಕಟ್ಟಿಕೊಂಡು. “ನಾನು ಸಂಜೆ ಮನೆಗೆ ಹೋಗ್ಬೇಕು.”