ನಾನು ಹಾಕದೆ ಬಿಟ್ಟ ಕೆಂಪು ಚೌಕ

ಮಾತು ಶುರು ಮಾಡಲು ಯಾರಿಗಾದರೂ ಬರುತ್ತದೆ. ಮುಗಿಸಲು ಬರಬೇಕಲ್ಲ, ಅದು ನನಗೆ ಬರುವುದಿಲ್ಲ. ಮನೆಗೆ ಬಂದವರು ‘ಹೊರಡ್ತೀವಿ’ ಎಂದರೆ ಸಾಕು, ‘ಅಯ್ಯೋ, ಇಷ್ಟು ಬೇಗಾನಾ?’ ಎಂದು ನನ್ನ ಬಾಯಿ ತಾನಾಗಿಯೇ ಅನ್ನುತ್ತದೆ. ಅವರು ಬಂದು ಮೂರು ಗಂಟೆಯಾಗಿರುತ್ತದೆ. ಅಡುಗೆಮನೆಯಲ್ಲಿ ಹೆಂಡತಿ ವಿಮಲಾ ಪಾತ್ರೆಗಳ ಸದ್ದಿನಲ್ಲೇ ತನ್ನ ಅಭಿಪ್ರಾಯ ತಿಳಿಸುತ್ತಿರುತ್ತಾಳೆ. ಆದರೂ ನಾನು ಹಾಲಿನಲ್ಲಿ ನಿಂತು ಒಂದಷ್ಟು, ಹೊಸಿಲ ಹತ್ತಿರ ಇನ್ನೊಂದಷ್ಟು, ಗೇಟಿನ ಬಳಿ ಮಿಕ್ಕಿದ್ದಷ್ಟೂ ಮಾತಾಡುತ್ತೇನೆ. ಒಮ್ಮೆ ಗೇಟಿನ ಮುಂದೆ ಕಾದಿದ್ದ ಆಟೋದವನು ಬೇಸತ್ತು ಎಂಜಿನ್ ಆರಿಸಿ, ಇಳಿದು ಬಂದು ತಾನೂ ಮಾತಿಗೆ ಸೇರಿಕೊಂಡ. ಒಳ್ಳೆಯ ಮನುಷ್ಯ, ಮಾಗಡಿ ಕಡೆಯವನು.

ಇಂಥವನ ಕೈಗೆ ನಮ್ಮ ಟೆಲಿಫೋನ್ ಕಂಪನಿಯವರು ಒಂದು ಸಾಫ್ಟ್‌ವೇರ್ ಕೊಟ್ಟರು. ಎರಡು ಸಾವಿರದ ಇಸವಿ ದಾಟಿದ ಹೊಸತು. ಸಂಪಿಗೆ ರಸ್ತೆಯ ಒಂದು ಮಹಡಿಯಲ್ಲಿದ್ದ ದೂರು ವಿಭಾಗದಲ್ಲಿ ನಾನು ಗುಮಾಸ್ತ. ‘ಫೋನಲ್ಲಿ ಕರಕರ ಅಂತಿದೆ’ ಎಂದವರ ನಂಬರು ಬರೆದುಕೊಂಡು ಲೈನ್‌ಮನ್‌ಗೆ ಒಪ್ಪಿಸುವುದು ನನ್ನ ಕೆಲಸ. ಇನ್ನು ಮುಂದೆ ದೂರನ್ನು ಯಂತ್ರವೇ ಕೇಳಿಸಿಕೊಳ್ಳುತ್ತದೆ, ಹೊಸ ದೂರಿಗೆ ಒಂದು ಒತ್ತಿ, ಹಳೆಯದಕ್ಕೆ ಎರಡು ಒತ್ತಿ, ಎಂದು ತೀರ್ಮಾನವಾಯಿತು. ಅದನ್ನು ತಯಾರಿಸಲು ಕೋಡ್ ಬರೆಯುವುದು ಗೊತ್ತಿರಬೇಕಾಗಿಲ್ಲವಂತೆ. ಪರದೆಯ ಪಕ್ಕದಲ್ಲಿ ಬಣ್ಣಬಣ್ಣದ ಚೌಕಗಳು ಇರುತ್ತವೆ. ಒಂದು ಸ್ವಾಗತ ಹೇಳುತ್ತದೆ, ಒಂದು ಪ್ರಶ್ನೆ ಕೇಳುತ್ತದೆ, ಒಂದು ನಂಬರು ಬರೆದುಕೊಳ್ಳುತ್ತದೆ. ಬೇಕಾದ್ದನ್ನು ಮೌಸ್‌ನಿಂದ ಎಳೆದು ತಂದು ಬಾಣ ಹಾಕಿ ಜೋಡಿಸಿದರೆ ಆಯಿತು. “ರಂಗೋಲಿ ಹಾಕೋಕೆ ಬಂದ್ರೆ ಸಾಕು ಕಣ್ರೀ” ಎಂದರು ನಮ್ಮ ಮೇಲಧಿಕಾರಿ ಮೇಡಂ. ನನಗೆ ರಂಗೋಲಿಯೂ ಬರುವುದಿಲ್ಲ. ಆದರೆ ಹೇಳಲಿಲ್ಲ.

ಹೇಳದಿದ್ದುದಕ್ಕೆ ಕಾರಣ ಚಾಮರಾಜಪೇಟೆಯ ನನ್ನ ಮಾವ. ನಿವೃತ್ತ ಗಣಿತದ ಮೇಷ್ಟರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಪ್ರತಿ ಹಬ್ಬದೂಟಕ್ಕೂ ಅವರದು ಒಂದೇ ಪ್ರಶ್ನೆ: “ಅಂದ್ರೆ, ಅಳಿಯಂದ್ರೇ, ನೀವು ಆಫೀಸಲ್ಲಿ ಮಾಡೋದೇನು?” ನಾನು ವಿವರಿಸುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು, ಮುಂದಿನ ಹಬ್ಬಕ್ಕೆ ಮತ್ತೆ ಕೇಳುತ್ತಿದ್ದರು. ನನ್ನ ಷಡ್ಡಕ ಸೇತುವೆ ಕಟ್ಟುವವರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹೀಗಾಗಿ ಊರಿಗೆಲ್ಲ ಬಾಯಿಬಡುಕನಾದ ನಾನು ಮಾವನ ಮುಂದೆ ಮಾತ್ರ ಎಲೆಯಿಂದ ಏಳುತ್ತಲೇ ‘ಬಸ್ಸಿಗೆ ಹೊತ್ತಾಯ್ತು’ ಎಂದು ಕಂಬಿ ಕೀಳುತ್ತಿದ್ದೆ. ಒಂದೇ ಒಂದು ಸಲ ಅವರೆದುರು ‘ಸಾಫ್ಟ್‌ವೇರ್ ಮಾಡ್ತೀನಿ’ ಎನ್ನಬೇಕೆಂಬುದು ನನ್ನ ಜೀವಮಾನದ ಆಸೆಯಾಗಿತ್ತು.

ಎರಡು ವಾರ ಕೂತು ಚೌಕಗಳನ್ನು ಜೋಡಿಸಿದೆ. ಕನ್ನಡದ ಮಾತುಗಳನ್ನು ನನ್ನ ಧ್ವನಿಯಲ್ಲೇ ಮುದ್ರಿಸಿದೆ. ಕೊನೆಗೆ ಒಂದು ಕೆಂಪು ಚೌಕ ಉಳಿಯಿತು. ಅದರ ಹೆಸರು ಮುಕ್ತಾಯ, ಕೆಲಸ ಕರೆ ಕತ್ತರಿಸುವುದು. ಎಳೆಯಲು ಹೋದೆ, ಕೈ ಬರಲಿಲ್ಲ. ದೀಪ ಆರಿಸು ಎನ್ನಬಾರದು, ‘ದೊಡ್ಡದು ಮಾಡು’ ಎನ್ನಬೇಕು. ಹೋಗ್ತೀನಿ ಎನ್ನಬಾರದು, ‘ಹೋಗಿ ಬರ್ತೀನಿ’ ಎನ್ನಬೇಕು. ಅಂಥ ಮನೆಯಲ್ಲಿ ಬೆಳೆದವನು ನಾನು. ಕಷ್ಟ ಹೇಳಿಕೊಳ್ಳಲು ಫೋನ್ ಮಾಡಿದವರನ್ನು ನಾವಾಗಿ ಕತ್ತರಿಸುವುದೇ? ಛೆ! ಕೆಂಪು ಚೌಕವನ್ನು ಅಲ್ಲೇ ಬಿಟ್ಟು, ‘ಇನ್ನೇನಾದರೂ ಬೇಕಿತ್ತೇ?’ ಎಂಬ ಮಾತು ಸೇರಿಸಿ, ಅಲ್ಲಿಂದ ಬಾಣವನ್ನು ಮತ್ತೆ ಸ್ವಾಗತಕ್ಕೇ ತಿರುಗಿಸಿದೆ. ಕೆಲಸ ಮುಗಿದವರು ತಾವಾಗಿಯೇ ಇಡುತ್ತಾರೆ ಎಂದುಕೊಂಡೆ.

ಭಾನುವಾರ ಮಾವನಿಗೆ ಫೋನ್ ಮಾಡಿದೆ. “ನಾಳೆ ಹತ್ತು ಗಂಟೆಗೆ ನಮ್ಮ ದೂರಿನ ನಂಬರಿಗೆ ಒಂದ್ಸಲ ಮಾಡಿ ನೋಡಿ ಮಾವ. ಆ ಸಾಫ್ಟ್‌ವೇರ್ ಮಾಡಿರೋದು ನಾನೇ.”

“ಹೌದಾ!” ಎಂದರು. ಆ ಉದ್ಗಾರಕ್ಕಾಗಿ ನಾನು ಹನ್ನೆರಡು ವರ್ಷ ಕಾದಿದ್ದೆ.

ಸೋಮವಾರ ಹತ್ತಕ್ಕೆ ಯಂತ್ರ ಶುರುವಾಯಿತು. ಹತ್ತೂವರೆಗೆ ಅದಕ್ಕಿದ್ದ ಎಂಟೂ ಲೈನು ಭರ್ತಿ. “ಪರವಾಗಿಲ್ವೇ, ಎಷ್ಟು ಜನ!” ಎಂದು ಮೇಡಂ ಖುಷಿಪಟ್ಟರು. ಹನ್ನೊಂದಕ್ಕೆ ನೋಡಿದರೆ ಅವೇ ಎಂಟು ನಂಬರು. ಹೊಸದಾಗಿ ಮಾಡಿದವರಿಗೆಲ್ಲ ಎಂಗೇಜ್ ಸದ್ದು. ಮೇಡಂ ಕುರ್ಚಿ ಎಳೆದುಕೊಂಡು ಕೂತು, ಪರದೆಯ ಬಾಣಗಳ ಮೇಲೆ ಬೆರಳಾಡಿಸುತ್ತಾ ಒಂದು ಸುತ್ತು ಬಂದರು. ಎರಡನೇ ಸುತ್ತೂ ಬಂದರು.

“ಇದ್ರಲ್ಲಿ ಕರೆ ಮುಗಿಯೋದು ಎಲ್ರೀ?”

“ಮುಗಿಯಲ್ಲ ಮೇಡಂ. ಅವರೇ ಇಡ್ತಾರೆ ಅಂತ...”

“ಇಟ್ಟಿಲ್ವಲ್ಲ!”

ಒಂದು ಲೈನಿಗೆ ಕಿವಿಗೊಟ್ಟವರು ರಿಸೀವರನ್ನು ನನ್ನ ಕೈಗೆ ಕೊಟ್ಟರು. ಒಳಗೆ ನನ್ನದೇ ಧ್ವನಿ: ‘ಇನ್ನೇನಾದರೂ ಬೇಕಿತ್ತೇ?’ ಅದಕ್ಕೊಂದು ವಿನಯದ ಉತ್ತರ: “ಏನೂ ಬೇಡ, ಎಲ್ಲಾ ಆಯ್ತು. ನೀವು ಇಟ್ಮೇಲೆ ನಾನೂ ಇಡ್ತೀನಿ.” ನನ್ನ ಮಾವ! ಒಂದು ಗಂಟೆಯಿಂದ ನಿಂತೇ ಇದ್ದಾರೆ. ಉಳಿದ ಏಳು ಜನರೂ ಇಂಥ ಮರ್ಯಾದಸ್ಥರೇ ಇರಬೇಕು.

“ಮಾವ, ಫೋನ್ ಇಡಿ!” ಎಂದು ಕಿರುಚಿದೆ.

“ಅಳಿಯಂದ್ರು ಮಾತಾಡ್ತಿರುವಾಗ ನಾನು ಹೇಗಪ್ಪಾ ಇಡೋದು?” ಎಂದರು.

ಮೇಡಂ ಎದುರಿಗೇ ಕೆಂಪು ಚೌಕ ಹಾಕಿದೆ. ಎಂಟು ಕರೆಗಳೂ ಒಟ್ಟಿಗೆ ಕಡಿದುಹೋದವು. ಯಾರಿಗೂ ಕೇಳದಂತೆ ‘ಹೋಗಿ ಬನ್ನಿ’ ಎಂದೆ. ಸಾಫ್ಟ್‌ವೇರ್ ಅಂದೇ ಬೇರೊಬ್ಬರ ಕೈ ಸೇರಿತು, ನನಗೆ ನನ್ನ ಹಳೆಯ ರಿಜಿಸ್ಟರು ವಾಪಸ್ಸು ಬಂತು.

ಸಂಜೆ ತಪ್ಪೊಪ್ಪಿಕೊಳ್ಳಲು ಚಾಮರಾಜಪೇಟೆಗೆ ಹೋದೆ. ಮಾವ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದರು. “ಅದು ಯಂತ್ರ ಮಾವ, ನಾನಲ್ಲ” ಎಂದೆ.

“ಗೊತ್ತಾಯ್ತು ಬಿಡಿ. ಎರಡನೇ ಸಲ ಅದನ್ನೇ ಹೇಳಿದಾಗಲೇ ಗೊತ್ತಾಯ್ತು.”

“ಮತ್ತೆ ಇಡಬಾರದಿತ್ತಾ?”

ಅವರು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ನೀವು ಬರ್ತೀರಿ, ಊಟ ಮಾಡ್ತೀರಿ, ಬಸ್ಸಿಗೆ ಓಡ್ತೀರಿ. ನಿಮ್ಮ ಬಾಯಲ್ಲಿ ‘ಇನ್ನೇನಾದ್ರೂ ಬೇಕಿತ್ತಾ’ ಅಂತ ಕೇಳಿದ್ದು ಇವತ್ತೇ ಮೊದಲು. ಇಡೋಕೆ ಮನಸ್ಸು ಬರಲಿಲ್ಲ.”

ನನಗೆ ನಾಚಿಕೆಯಾಯಿತು. ಅವತ್ತು ಕೊನೆಯ ಬಸ್ಸು ಹೋಗುವವರೆಗೂ ಕೂತಿದ್ದೆ. ಆಮೇಲಿನ ಹಬ್ಬದಲ್ಲಿ ಅವರು ಆ ಪ್ರಶ್ನೆ ಕೇಳಲಿಲ್ಲ. ಪಕ್ಕದ ಎಲೆಯವರಿಗೆ ಅವರೇ ಹೇಳಿದರು: “ನಮ್ಮ ಅಳಿಯಂದ್ರು. ಫೋನ್ ಕಂಪನೀಲಿ ಜನಗಳನ್ನ ವಿಚಾರಿಸಿಕೊಳ್ಳೋ ಕೆಲಸ.”

ಈಗ ಪ್ರತಿ ಭಾನುವಾರ ನಾನೇ ಅವರಿಗೆ ಫೋನ್ ಮಾಡುತ್ತೇನೆ. ಮಾತೆಲ್ಲ ಆದ ಮೇಲೆ ‘ಇನ್ನೇನಾದ್ರೂ ಬೇಕಿತ್ತಾ ಮಾವ?’ ಎನ್ನುತ್ತೇನೆ. ‘ಏನೂ ಬೇಡ, ನೀವಿಡಿ’ ಎನ್ನುತ್ತಾರೆ. ‘ಇಲ್ಲ, ನೀವು ಮೊದಲು ಇಡಿ’ ಎನ್ನುತ್ತೇನೆ. ಹೀಗೆ ಕಾಲು ಗಂಟೆ ನಡೆಯುತ್ತದೆ. ಕೊನೆಗೆ ವಿಮಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಒಂದೇ ಬೆರಳಿನಿಂದ ಫೋನಿನ ಗುಂಡಿ ಅದುಮಿ ಹೋಗುತ್ತಾಳೆ. ಅವಳಿಗೂ ಕೋಡ್ ಬರೆಯಲು ಬರುವುದಿಲ್ಲ.